ನಲವತ್ಮೂರು ನಂಬರು, ಒಂದೇ ಹೆಸರು

ಕಾಸೆಲ್, ಜರ್ಮನಿ
12 ಜನವರಿ 2017

ಫಿದಾನ್ ಅಕ್ಕಾ,

ಕಾಗದ ಕಂಡು ಬೆಚ್ಚಬೇಡ. ಯಾರೂ ಸತ್ತಿಲ್ಲ. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಮಾತು ತುಂಬಿ ಕಳಿಸುತ್ತಿದ್ದ ನಾನು ಪೆನ್ನು ಹಿಡಿದದ್ದಕ್ಕೆ ಕಾರಣವಿದೆ. ಇಲ್ಲಿಯ ಆಶ್ರಯ ಕಚೇರಿಯವರು ಫೋನು ಕೊಡುತ್ತೀಯಾ ಎಂದು ಕೇಳಿದರು. ಇಲ್ಲ ಎನ್ನುವ ಗುಂಡಿಗೆ ನಮ್ಮಂಥವರಲ್ಲಿ ಯಾರಿಗಿದೆ? ಕೊಟ್ಟೆ. ವೈರು ಚುಚ್ಚಿ, ಹೊಟ್ಟೆಯೊಳಗಿದ್ದದ್ದನ್ನೆಲ್ಲ ಇಳಿಸಿಕೊಂಡರು.

ಆಮೇಲೆ ನನ್ನ ವಕೀಲೆ ಒಂದು ಹಾಳೆ ಮುಂದಿಟ್ಟಳು. 'ಗ್ರೀಸಿನಲ್ಲಿ ನಿನ್ನ ಹೆಸರಿನ ಮೇಲೆ ನಲವತ್ಮೂರು ಸಿಮ್ ಇವೆಯಲ್ಲ, ನಿನಗೆ ಎಷ್ಟು ಕಿವಿ?' ಎಂದಳು. ಅಲ್ಲಿಯ ನಿರಾಶ್ರಿತರ ಶಿಬಿರದಲ್ಲಿ ಮೊದಲು ಗುರುತಿನ ಕಾರ್ಡು ಬಂದದ್ದು ನನಗೆ, ಕಾರ್ಡಿಲ್ಲದೆ ಅಂಗಡಿಯವರು ಸಿಮ್ ಕೊಡುವುದಿಲ್ಲ, ಅದಕ್ಕೆ ಎಲ್ಲರಿಗೂ ನನ್ನ ಹೆಸರಿನಲ್ಲೇ ತೆಗೆಸಿಕೊಟ್ಟೆ ಎಂದು ಹೇಳಿದೆ. 'ಹಾಗೆ ಯಾರಾದರೂ ಮಾಡುತ್ತಾರಾ?' ಎಂದಳು. ನಾವು ಮಾಡುತ್ತೇವೆ ಎಂದೆ. ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಇಷ್ಟು ನಂಬರು ಬೇಕಾಗುವುದು ಜನರನ್ನು ಕಳ್ಳದಾರಿಯಲ್ಲಿ ದಾಟಿಸುವ ದಲ್ಲಾಳಿಗೆ ಮಾತ್ರವಂತೆ. ಮಾರ್ಚ್ 27ಕ್ಕೆ ನನ್ನ ವಿಚಾರಣೆ. ಅದಕ್ಕೆ ಮೊದಲು ಎಲ್ಲ ನಂಬರುಗಳನ್ನೂ ನಿಲ್ಲಿಸಿಬಿಡು ಎಂದಿದ್ದಾಳೆ. ವಿಚಾರಣೆ ಕೆಟ್ಟರೆ ತುರ್ಕಿಯ ಮರ್ಸಿನ್‌ನಲ್ಲಿರುವ ನನ್ನ ಹೆಂಡತಿ, ಎರಡು ಮಕ್ಕಳು ಇಲ್ಲಿಗೆ ಬರುವ ಬಾಗಿಲು ಮುಚ್ಚಿದಂತೆ.

ಫೆಬ್ರವರಿ ಮುಗಿಯುವುದರೊಳಗೆ ನಿಲ್ಲಿಸುವ ಅರ್ಜಿಗೆ ಸಹಿ ಹಾಕುತ್ತೇನೆ. ಎಲ್ಲರಿಗೂ ನೀನೇ ಹೇಳು. ನಿನ್ನ ಗಂಟಲಿಗೆ ಮೈಕು ಬೇಡ. ಈ ವಿಷಯ ಫೋನಿನಲ್ಲಿ ಎತ್ತಬೇಡ, ಕಾಗದವನ್ನೇ ಬರೆ.

ನಿನ್ನ ತಮ್ಮ,
ಹೆನಾನ್

*

ತಂಬಾಕು ಗೋದಾಮಿನ ಶಿಬಿರ, ಥೆಸಲೋನಿಕಿ, ಗ್ರೀಸ್
23 ಜನವರಿ 2017

ಶ್ರೀಮಾನ್ ಹೆನಾನ್ ಸಾಹೇಬರ ಸನ್ನಿಧಾನಕ್ಕೆ,

ತಮ್ಮ ಅಪ್ಪಣೆ ತಲುಪಿತು. ಓದಿದೆ. ಮಡಚಿದೆ. ಇನ್ನೊಮ್ಮೆ ಬಿಚ್ಚಿ ಓದಿದೆ. ಅಕ್ಷರ ಬದಲಾಗಿರಲಿಲ್ಲ.

ಈಗ ಕೂತುಕೋ. ನಿಂತು ಕೇಳುವ ಮಾತಲ್ಲ ಇದು. ನೆನಪಿದೆಯೇನಪ್ಪ ಆ ಜುಲೈ ತಿಂಗಳು? ಗೋದಾಮಿನ ತಗಡು ಬೆಂಕಿಯಾಗಿತ್ತು. ಕತ್ತಿಗೆ ಕಾರ್ಡು ತೂಗಿಹಾಕಿಕೊಂಡು ನೀನು ಗೇಟಿನಿಂದ ಬಂದೆ, ಮದುವೆಗಂಡಿನ ಹಾಗೆ. ಯುದ್ಧಕ್ಕೆ ಮೊದಲು ಆಲೆಪ್ಪೊದ ನಮ್ಮ ಬೀದಿಯಲ್ಲಿ ನವರೋಜ್ ಹಬ್ಬದ ನಾಟಕಕ್ಕೆ ರಾಜನ ಪಾತ್ರ ಮಾಡುವ ಗಂಡಸು ಸಿಗದೆ ನನಗೆ ಮೀಸೆ ಅಂಟಿಸುತ್ತಿದ್ದರಲ್ಲ, ಅದೇ ಗಂಟಲಿನಲ್ಲಿ ನಾನು ಕೂಗಿದೆ: 'ಹೆನಾನ್‌ಗೆ ಕಾರ್ಡ್ ಬಂತು ಕಣ್ರೇ, ಬನ್ನಿ, ಸಿಮ್ ಬೇಕಾದೋರೆಲ್ಲ ಬನ್ನಿ.' ನೀನು ಒಲ್ಲೆ ಎನ್ನಲಿಲ್ಲ. ಪೇಟೆಯ ಮೂರು ಅಂಗಡಿ ಸುತ್ತಿದೆವು. ಮೂರನೆಯವನು 'ನಿಮ್ಮದೇನು ಕಂಪನಿನಾ?' ಎಂದು ಕೇಳಿದ. 'ಹೌದು, ದೊಡ್ಡ ಕಂಪನಿ, ಬರೀ ಸಾಲಿನಲ್ಲಿ ನಿಲ್ಲೋದೇ ಕೆಲಸ' ಅಂದೆ. ನೀನು ಬಿದ್ದು ಬಿದ್ದು ನಕ್ಕೆ. ಹಾಗಾಗಿ ಈ ನಲವತ್ಮೂರರ ತಪ್ಪಿನಲ್ಲಿ ನನ್ನದೂ ಪಾಲಿದೆ. ಒಪ್ಪಿದೆ.

ಆದರೆ ನನ್ನ ನಂಬರನ್ನು ಕೊಲ್ಲಬೇಡ.

ಮುರಾದ್‌ನಿಗೆ ಓದು ಬರಹ ಇಲ್ಲ, ನಿನ್ನ ಭಾವ ಎಂಥವನೆಂದು ನಿನಗೆ ಗೊತ್ತು. ಅವನ ಫೋನಿನಲ್ಲಿ ನನ್ನ ಹೆಸರಿರಲಿಲ್ಲ, ನನ್ನ ಪಟವಿತ್ತು. ಪಟ ಒತ್ತಿದರೆ ನಾನು. ದೋಣಿ ಹತ್ತುವ ದಿನ ತುರ್ಕಿಯ ದಡದಲ್ಲಿ ಪೊಲೀಸರು ಅವನನ್ನು ಹಿಡಿದರು. ನಾನೊಬ್ಬಳೇ ಈಚೆ ಬಂದೆ. ಫೋನು ಕಳೆದರೆ ಗತಿಯೇನು ಎಂದು ನಾಲ್ಕು ತಿಂಗಳು ಅವನಿಗೆ ಈ ನಂಬರನ್ನು ಬಾಯಿಪಾಠ ಮಾಡಿಸಿದೆ. 'ಹೇಳು' ಅಂದರೆ 'ನಿನ್ನೆ ಹೇಳಿದ್ನಲ್ಲೇ' ಅನ್ನುತ್ತಿದ್ದ. 'ಇವತ್ತೂ ಹೇಳು.' ಅವನ ತಲೆಯೊಳಗೆ ಇರುವ ನಂಬರು ಲೋಕದಲ್ಲಿ ಒಂದೇ. ನವೆಂಬರ್ 9ರಂದು ಗಡಿಯ ಹೊಳೆ ದಾಟಲು ಹೊರಟೆ ಎಂದವನು ಇವತ್ತಿನವರೆಗೆ ಪತ್ತೆಯಿಲ್ಲ. ಅವನು ಎಲ್ಲೇ ಇರಲಿ, ಯಾರ ಕೈಕಾಲೇ ಹಿಡಿದು ಫೋನು ಪಡೆಯಲಿ, ಬೆರಳು ಹೋಗುವುದು ಈ ನಂಬರಿಗೇ. ನೀನು ಸಹಿ ಹಾಕಿದ ಮರುದಿನ ಆ ಬೆರಳಿಗೆ ಸಿಗುವುದು ಗೋಡೆ.

ಶಿಬಿರದಲ್ಲಿ ಯಾರಿಗೂ ನಾನು ಹೇಳಿಲ್ಲ. ನೀನು ಮನಸ್ಸು ಬದಲಾಯಿಸುತ್ತೀಯ ಎಂದು ಕಾಯುತ್ತಿದ್ದೇನೆ.

ಫಿದಾನ್

*

ಕಾಸೆಲ್
4 ಫೆಬ್ರವರಿ 2017

ಅಕ್ಕಾ,

ಸಾಹೇಬ ಎಂದೆಯಲ್ಲ, ಊಟ ಸೇರಲಿಲ್ಲ.

ಮುರಾದ್ ಭಾವನನ್ನು ನಾನು ಮರೆತಿಲ್ಲ. ಆದರೆ ನನ್ನ ಮಗಳು ಪ್ರತಿ ಶುಕ್ರವಾರ ಕೇಳುತ್ತಾಳೆ, 'ಅಪ್ಪಾ, ಇನ್ನೆಷ್ಟು ಶುಕ್ರವಾರ?' ಅಂತ. ಅವಳಿಗೆ ನಾನು ಯಾವ ಗೋಡೆ ತೋರಿಸಲಿ?

ವಕೀಲೆಯ ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಕೊನೆಗೆ ಒಂದು ದಾರಿ ಹೇಳಿದಳು. ನಿನ್ನ ನಂಬರನ್ನು ನಿನ್ನ ಹೆಸರಿಗೇ ವರ್ಗ ಮಾಡಿಕೊಡುವೆನೆಂದು ನಾನು ಪತ್ರ ಬರೆದು, ಇಲ್ಲಿ ಮುದ್ರೆ ಹಾಕಿಸಿ ಕಳಿಸಬಹುದು. ಜೊತೆಯಲ್ಲಿ ಇಟ್ಟಿದ್ದೇನೆ, ಜೋಪಾನ. ಆದರೆ ಅಂಗಡಿಯವನು ನಿನ್ನ ಕಾರ್ಡು ಕೇಳುತ್ತಾನೆ. ಪೊಲೀಸರು ಕೊಟ್ಟ ಹಳೆಯ ಕಾಗದ ನಡೆಯುವುದಿಲ್ಲ.

ನಿನ್ನ ಹಟ ನನಗೆ ಗೊತ್ತು. ಗಂಡ ಬರುವ ತನಕ ಆಶ್ರಯಕ್ಕೆ ಹೆಸರು ಬರೆಸುವುದಿಲ್ಲ ಎಂದು ಕೂತವಳು ನೀನು. ಈಗ ಏಳು. ಹೋಗಿ ಬರೆಸು. ಫೆಬ್ರವರಿ 28 ನನ್ನ ಕೊನೆಯ ದಿನ.

ಮಿಕ್ಕವರಿಗೆ ದಯವಿಟ್ಟು ಹೇಳು ಅಕ್ಕಾ. ಅವರಲ್ಲಿ ಎಷ್ಟೋ ಜನಕ್ಕೆ ಈಗ ಕಾರ್ಡು ಬಂದಿದೆ. ಬೇರೆ ಸಿಮ್ ತೆಗೆದುಕೊಂಡು, ತಮ್ಮವರಿಗೆಲ್ಲ ಹೊಸ ನಂಬರು ತಿಳಿಸಲು ಅವರಿಗೆ ದಿನ ಬೇಕು.

ಹೆನಾನ್

*

ಶಿಬಿರ
15 ಫೆಬ್ರವರಿ 2017

ಹೆನಾನ್,

ಪತ್ರ ಸಿಕ್ಕಿತು. ಮುದ್ರೆ ಚೆನ್ನಾಗಿದೆ. ಎದ್ದೆ.

ಏಳುವುದು ಸುಲಭ, ಕರೆ ಸೇರಿಸುವುದು ಕಷ್ಟ. ನೀನು ಹೋದಮೇಲೆ ಇಲ್ಲಿ ಹೊಸ ಪದ್ಧತಿ. ಕಾರ್ಡಿಗೆ ದಿನ ಗೊತ್ತುಮಾಡಿಕೊಳ್ಳಲು ಕಚೇರಿಗೆ ವಿಡಿಯೋ ಕರೆ ಮಾಡಬೇಕು. ನಮ್ಮ ಭಾಷೆಗೆ ವಾರಕ್ಕೆ ಒಂದೇ ಗಂಟೆ, ಮಂಗಳವಾರ ಹತ್ತರಿಂದ ಹನ್ನೊಂದು. ಇಡೀ ದೇಶದ ಕುರ್ದರೆಲ್ಲ ಆ ಒಂದು ಗಂಟೆಯ ಬಾಗಿಲಿಗೆ ಭುಜ ಕೊಟ್ಟು ನೂಕುವುದು.

ವೈಫೈ ಬರುವುದು ಅಡುಗೆಮನೆಯ ಹಿಂಗೋಡೆಯ ಹತ್ತಿರ ಮಾತ್ರ. ಕಳೆದ ಮಂಗಳವಾರ ಮೂವತ್ತು ಜನ ಗೋಡೆಗೆ ಬೆನ್ನು ಕೊಟ್ಟು, ಫೋನುಗಳನ್ನು ಎದೆಮಟ್ಟಕ್ಕೆ ಹಿಡಿದು ಸಾಲಾಗಿ ನಿಂತೆವು. ಮೂವತ್ತು ಫೋನಿನಲ್ಲೂ ಒಂದೇ ಟ್ರಿಂಗು. ನಿನ್ನೆ ಮತ್ತೆ ಅದೇ. ಅರ್ಧ ಗಂಟೆಯಾದಾಗ ಪಕ್ಕದ ಕೋಣೆಯ ಜೆಲೂಖ್ ಅಂದಳು:

'ಫಿದಾನಕ್ಕ, ನೀನ್ಯಾಕೆ ಫೋನ್ ಹಿಡ್ಕೊಂಡು ಕಷ್ಟಪಡ್ತೀಯಾ? ಗೋಡೆ ಹತ್ತಿ ಒಂದ್ಸಲ ಕೂಗು, ಅಥೆನ್ಸ್‌ಗೆ ಕೇಳಿಸುತ್ತೆ.'

'ಕೂಗ್ತಿದ್ದೆ ಕಣೆ, ಅವರು ಕಿವಿಗೆ ಹತ್ತಿ ಇಟ್ಕೊಂಡಿದ್ದಾರೆ.'

'ಅಲ್ಲ, ನಿನಗ್ಯಾಕೆ ಈಗ ಇದ್ದಕ್ಕಿದ್ದ ಹಾಗೆ ಕಾರ್ಡು? ಗಂಡ ಬರೋ ತನಕ ಬೇಡ ಅಂತಿದ್ದೆ.'

'ಮನಸ್ಸು ಬದಲಾಯ್ತು.'

'ನಿನ್ನ ಮನಸ್ಸಾ?' ಎಂದು ನನ್ನ ಮುಖ ನೋಡಿದಳು. 'ಜರ್ಮನಿಯಿಂದ ಕಾಗದದ ಮೇಲೆ ಕಾಗದ ಬರ್ತಿದೆ. ಏನಂತೆ ಹೆನಾನ್‌ದು?'

'ಚಳಿಯಂತೆ,' ಅಂದೆ.

ಅಷ್ಟರಲ್ಲಿ ನನ್ನ ಫೋನಿನ ಪರದೆ ಬೆಳಗಿತು. ಟೈ ಕಟ್ಟಿದ, ಹುಡುಗಿಯಂಥ ದನಿಯ ಗಂಡಸೊಬ್ಬ, 'ಹೆಸರು?' ಎಂದ. ಗೋಡೆಯೇ ಉರುಳುವ ಹಾಗೆ ಹೆಸರು ಹೇಳಿದೆ. ಅವನು ಕುರ್ಚಿ ಹಿಂದಕ್ಕೆ ಸರಿಸಿಕೊಂಡ. ದಿನ ಸಿಕ್ಕಿತು: ಮಾರ್ಚ್ 14.

ನಿನ್ನ 28 ಎಲ್ಲಿ, ನನ್ನ 14 ಎಲ್ಲಿ? ಇನ್ನು ಹದಿನೈದು ದಿನ ಕೊಡು. ರಾಜನ ಮೀಸೆ ಕಿತ್ತಿಟ್ಟು ಕೇಳುತ್ತಿದ್ದೇನೆ.

ಅಕ್ಕ

*

ಕಾಸೆಲ್
22 ಫೆಬ್ರವರಿ 2017

ಅಕ್ಕಾ,

ವಕೀಲೆ ಒಪ್ಪಿದಳು, ಒಂದೇ ಒಂದಕ್ಕೆ. ನಲವತ್ತೆರಡು ನಂಬರುಗಳು ಈ ತಿಂಗಳ ಕೊನೆಗೆ ನಿಲ್ಲುತ್ತವೆ. ನಿನ್ನದು ಮಾರ್ಚ್ 16ರವರೆಗೆ ಇರುತ್ತದೆ.

ಇಷ್ಟು ಕೊಟ್ಟಿದ್ದೇನೆ. ಬದಲಿಗೆ ಒಂದೇ ಪ್ರಶ್ನೆ. ಅವರಿಗೆಲ್ಲ ಹೇಳಿದ್ದೀಯಾ? ಹೋದ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಹೆನಾನ್

*

ಶಿಬಿರ
4 ಮಾರ್ಚ್ 2017

ಹೆನಾನ್,

ಹೇಳಿರಲಿಲ್ಲ.

ಹೇಳಿದರೆ ನಲವತ್ತೆರಡು ಮನೆಯವರೂ ನಿನ್ನ ಬಾಗಿಲಿಗೆ ಬಂದು ನನಗೂ ಒಂದು ಉಳಿಸು ಎನ್ನುತ್ತಾರೆ, ನೀನು ಕಂಗಾಲಾಗಿ ಎಲ್ಲವನ್ನೂ ಕತ್ತರಿಸಿಬಿಡುತ್ತೀಯ ಎಂದು ಹೆದರಿದೆ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದುಕೊಂಡೆ. ದಿನಕ್ಕೆ ನೂರು ಮಾತಾಡುವ ಈ ಬಾಯಿಗೆ ಆ ಒಂದು ಮಾತು ಬರಲಿಲ್ಲ.

ಮಾರ್ಚ್ 1, ಬೆಳಗ್ಗೆ ಹನ್ನೊಂದು. ಬೇಳೆ ಸಾರಿನ ಸಾಲಿನಲ್ಲಿದ್ದೆವು. ಮೊದಲು ಒಬ್ಬ ಫೋನು ಕೊಡವಿದ. ಇನ್ನೊಬ್ಬಳು ಸಿಮ್ ತೆಗೆದು, ತಲೆವಸ್ತ್ರದ ತುದಿಗೆ ಒರೆಸಿ, ಮತ್ತೆ ಹಾಕಿದಳು. 'ನಿಂದು ಬರ್ತಿದೆಯಾ?' 'ಇಲ್ಲ, ನಿಂದು?' ಈ ಮಾತು ಸಾಲಿನ ತುದಿಯಿಂದ ತುದಿಗೆ ಓಡಿತು. ತಟ್ಟೆ ಅಲ್ಲೇ ಬಿಟ್ಟು ಎಲ್ಲರೂ ಅಂಗಳಕ್ಕೆ ಬಂದರು, ಕೈ ಎತ್ತಿದರು, ಫೋನನ್ನು ಆಕಾಶಕ್ಕೆ ಹಿಡಿದು ಸುತ್ತಾಡಿದರು. ಜೆಲೂಖ್ ಕಸದ ಡಬ್ಬಿಯ ಮೇಲೆ ಹತ್ತಿ ನಿಂತಿದ್ದಳು. ಅವಳ ಮಗಳಿಗೆ ತುರ್ಕಿಯ ಗಾಜಿಯಾಂತೆಪ್‌ನಲ್ಲಿ ದಿನ ತುಂಬಿದೆ. ಅವತ್ತೋ ಮಾರನೆಯ ದಿನವೋ ಹೆರಿಗೆ. ಮಗಳು ಮನೆ ಬದಲಿಸಿ ಆಸ್ಪತ್ರೆಯ ಹತ್ತಿರ ಯಾರದೋ ಮನೆಯಲ್ಲಿದ್ದಾಳೆ, ನಾನೇ ಕರೆ ಮಾಡುತ್ತೇನೆ ಅಂದಿದ್ದಳು. ಅವಳಿಗೆ ಸ್ವಂತ ಫೋನಿಲ್ಲ, ಆ ಮನೆಯವರ ನಂಬರು ಅಮ್ಮನ ಹತ್ತಿರ ಇಲ್ಲ.

ಆಗ ನನ್ನ ಏಪ್ರನ್ನಿನ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಕಂಪನಿಯವರ ಜಾಹೀರಾತು. ಅಷ್ಟೇ. ಆದರೆ ಅಂಗಳಕ್ಕೆ ಅಂಗಳವೇ ತಿರುಗಿ ನನ್ನ ಜೇಬನ್ನು ನೋಡಿತು. ಎಷ್ಟೋ ನಾಟಕದಲ್ಲಿ ಜನರೆದುರು ನಿಂತವಳು ನಾನು. ಅಂಥ ನೋಟ ಯಾವ ರಂಗದ ಮೇಲೂ ಕಂಡಿಲ್ಲ.

ಜೆಲೂಖ್ ಡಬ್ಬಿಯಿಂದ ಇಳಿದು ಬಂದಳು.

'ನಿನಗೆ ಮೊದಲೇ ಗೊತ್ತಿತ್ತು.'

'ಹೂಂ.'

'ಯಾವಾಗಿಂದ?'

'ಜನವರಿಯಿಂದ.'

'ಚಳಿಯಂತೆ ಅಂದೆ.'

ಅಷ್ಟೇ ಕೇಳಿದ್ದು. ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ನಾನು ನೀರಿನ ಸಾಲಿಗೆ ಹೋದರೆ ಸಾಲು ಸರಿದು ಜಾಗ ಬಿಡುತ್ತದೆ. ಮರ್ಯಾದೆಗೆ ಅಲ್ಲ.

ಫಿದಾನ್

*

ಕಾಸೆಲ್
11 ಮಾರ್ಚ್ 2017

ಅಕ್ಕಾ,

ಅಲ್ಲಿಂದ ನನಗೆ ಬರುವ ಶಾಪಕ್ಕೆ ಲೆಕ್ಕವಿಲ್ಲ. ಮರ್ಸಿನ್‌ನಲ್ಲಿರುವ ನನ್ನ ಹೆಂಡತಿಗೂ ಸುದ್ದಿ ಹೋಗಿದೆ. 'ನಿನ್ನನ್ನು ನಂಬಿದೋರ ಬಾಯಿಗೆ ಮಣ್ಣು ಹಾಕಿದ್ಯಂತೆ' ಎಂದು ಕೇಳಿದಳು. ಹೇಳಲು ಹೇಳಿದ್ದೆ ಎಂದೆ. ಅದು ನಿಜವೂ ಹೌದು, ನೆಪವೂ ಹೌದು. ನೀನು ಹೇಳಿದೆಯೋ ಇಲ್ಲವೋ ತಿಳಿಯದೆ ಸಹಿ ಹಾಕಿದವನು ನಾನೇ.

ಇನ್ನೊಂದು ಕೇಳು. ಸಿಟ್ಟಾಗಬೇಡ. ವಕೀಲೆ ಈಗ ಹೇಳುತ್ತಾಳೆ, ನಂಬರು ನಿಲ್ಲಿಸಿದರೆ ಸಾಲದಂತೆ. ಅವು ಇದ್ದವು ಎಂಬುದು ಅಳಿಯುವುದಿಲ್ಲ. ಯಾವ ನಂಬರು ಯಾರ ಕೈಯಲ್ಲಿತ್ತು, ಅವರ ಹೆಸರು, ಸಹಿ, ಈ ಪಟ್ಟಿ ಬೇಕು. ನಲವತ್ಮೂರು ಸಂಸಾರ ಇದ್ದರೆ ದಲ್ಲಾಳಿ ಅಲ್ಲ ಎಂದು ತೋರಿಸಬಹುದು. ಇದನ್ನು ಜನವರಿಯಲ್ಲೇ ಕೇಳಬೇಕಿತ್ತು ಅಲ್ಲವೇ ಎಂದೆ. ತಲೆ ತಗ್ಗಿಸಿ ಕಡತ ಜೋಡಿಸಿದಳು.

ನೀನಲ್ಲದೆ ನನಗೆ ಅಲ್ಲಿ ಯಾರಿದ್ದಾರೆ? ಪಟ್ಟಿ 25ರೊಳಗೆ ನನ್ನ ಕೈ ಸೇರಬೇಕು. ಅವರ ಮುಂದೆ ಹೋಗಿ ನಿಲ್ಲುವ ಮುಖ ನಿನಗಿದೆಯೇ ಎಂದು ಕೇಳುವ ಮುಖ ನನಗಿಲ್ಲ.

ತಮ್ಮ

*

ಶಿಬಿರ
19 ಮಾರ್ಚ್ 2017

ತಮ್ಮಾ,

ಪಟ್ಟಿ ಇದರೊಂದಿಗಿದೆ. ತುರ್ತು ಅಂಚೆ. ನಲವತ್ತೊಂದು ಸಹಿ. ಇಬ್ಬರು ಶಿಬಿರ ಬಿಟ್ಟು ಹೋಗಿದ್ದಾರೆ, ಎಲ್ಲಿಗೆಂದು ಯಾರಿಗೂ ತಿಳಿಯದು. ಅವರ ಹೆಸರು ಮಾತ್ರ ಬರೆದಿದ್ದೇನೆ.

14ಕ್ಕೆ ಕಾರ್ಡು ಸಿಕ್ಕಿತು. ಫೋಟೋದಲ್ಲಿ ಕೋಳಿ ಕದ್ದವಳ ಹಾಗಿದ್ದೇನೆ. 15ಕ್ಕೆ ಅಂಗಡಿಗೆ ಹೋದೆ, ನಿನ್ನ ಪತ್ರ ಕೊಟ್ಟೆ. ಅವನು ಮುದ್ರೆಯನ್ನು ಬೆಳಕಿಗೆ ಹಿಡಿದ, ಮೂಸುವುದೊಂದು ಬಿಟ್ಟ. ಕಡೆಗೆ ಕೀಲಿಗಳನ್ನು ಕುಟ್ಟಿ, 'ಆಯ್ತಮ್ಮ, ಇನ್ನು ನಂಬರು ನಿಮ್ಮದು' ಎಂದ. ಬಸ್ಸಿನಲ್ಲಿ ಇಡೀ ದಾರಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ. ಗೆದ್ದೆ ಎಂದುಕೊಂಡೆ.

ಬಂದರೆ ನಿನ್ನ ಕಾಗದ ಕಾದಿತ್ತು.

ಮೊದಲು ಜೆಲೂಖ್ ಬಾಗಿಲಿಗೇ ಹೋದೆ. ಬಾಗಿಲೆಂದರೆ ಕಂಬಳಿ. ಸಹಿ ಬೇಕು ಎಂದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು.

'ಹೆನಾನ್‌ಗಾ?'

'ಹೆನಾನ್‌ಗೆ. ಅವನ ಮಕ್ಕಳಿಗೆ.'

'ನನ್ನ ಮಗಳಿಗೆ ಹೆರಿಗೆಯಾಯ್ತೋ ಇಲ್ವೋ, ಬದುಕಿದ್ದಾಳೋ ಇಲ್ವೋ, ಹದಿನೈದು ದಿನ ಆಯ್ತು ಗೊತ್ತಿಲ್ಲ. ಹೊಸ ಸಿಮ್ ತಗೊಳ್ಳೋಣ ಅಂದ್ರೆ ನನ್ನದೂ ಇಲ್ಲಿ ಎಲ್ಲರದೂ ಕಾರ್ಡಿನ ಅವಧಿ ಮುಗಿದಿದೆ, ಅಂಗಡಿಯವನು ಕೊಡಲ್ಲ. ಮಂಗಳವಾರದ ಕರೆ ಸಿಗಲ್ಲ. ಇಲ್ಲಿ ಸಿಮ್ ಇರೋ ಹೆಂಗಸು ನೀನೊಬ್ಳೇ ಮಹಾರಾಣಿ.'

'ಏನು ಮಾಡಲಿ ಹೇಳು.'

'ಸಹಿ ಬೇಕಾದ್ರೆ ಫೋನು ಕೊಡು. ನನಗೊಬ್ಬಳಿಗಲ್ಲ. ಎಲ್ಲರಿಗೂ. ನಮ್ಮೋರಿಗೆಲ್ಲ ನಿನ್ನ ನಂಬರ್ ಕಳಿಸ್ತೀವಿ, ಯಾರ ಮೂಲಕವಾದ್ರೂ ನನ್ನ ಮಗಳಿಗೂ ಮುಟ್ಟುತ್ತೆ. ಅವರು ನಿನಗೆ ಕರೆ ಮಾಡ್ಲಿ, ನಾವು ಬಂದು ಮಾತಾಡ್ತೀವಿ.'

ಹೆನಾನ್, ಆ ಕ್ಷಣ ನಾನು ಫೋನಿದ್ದ ಜೇಬನ್ನು ಒತ್ತಿ ಹಿಡಿದುಕೊಂಡೆ. ನಲವತ್ತು ಮನೆಯ ಮಾತು ಒಂದು ತಂತಿಯಲ್ಲಿ ಹರಿದರೆ ಮುರಾದ್‌ನಿಗೆ ಸಂದಿ ಎಲ್ಲಿ? ಅವನಿಗೆ ಫೋನು ಸಿಗುವುದು ಒಂದು ಸಲ, ಒಂದು ನಿಮಿಷ. ಆ ನಿಮಿಷದಲ್ಲಿ ಇಲ್ಲಿ ಯಾರದೋ ಅತ್ತೆಯ ಮೊಣಕಾಲು ನೋವಿನ ಕಥೆ ನಡೆಯುತ್ತಿದ್ದರೆ? ಇಷ್ಟು ದಿನ ಸುಳ್ಳು ಹೇಳಿ, ಕದ್ದು, ಕಾಪಾಡಿದ್ದು ಈ ಖಾಲಿ ತಂತಿಯನ್ನಲ್ಲವೇ?

ಜೆಲೂಖ್ ಮಡಚಿದ್ದ ಬಟ್ಟೆ ನೋಡಿದೆ. ಎಳೆಗೂಸಿನ ಅಂಗಿಗಳು. ಹಳೆಯ ಕಂಬಳಿ ಕತ್ತರಿಸಿ ಹೊಲಿದಿದ್ದಳು.

ಫೋನು ಕೊಟ್ಟೆ.

ಅಡುಗೆಮನೆಯ ಗೋಡೆಯ ಮೊಳೆಗೆ ಚೀಲ ಕಟ್ಟಿ ಇಟ್ಟಿದ್ದೇವೆ. ಒಬ್ಬೊಬ್ಬರಿಗೆ ಐದು ನಿಮಿಷ ಎಂದು ನಾನೇ ಸಾರಿದೆ. ಯಾರೂ ಪಾಲಿಸುವುದಿಲ್ಲ. ಒಬ್ಬೊಬ್ಬರಾಗಿ ಬಂದು ಸಹಿ ಹಾಕಿದರು. ಸಹಿ ಬಾರದವರು ಹೆಬ್ಬೆರಳು ಒತ್ತಿದರು. ಒಬ್ಬ ಮುದುಕ ಒತ್ತಿದ ಮೇಲೆ, 'ಹೆನಾನ್‌ಗೆ ಹೇಳು, ಇದು ಕ್ಷಮಿಸಿದ್ದಲ್ಲ, ಸಾಕ್ಷಿ ಹೇಳಿದ್ದು' ಅಂದ. ಹೇಳಿದ್ದೇನೆ.

ನಿನ್ನ ಅಕ್ಕ,
ಫಿದಾನ್

*

ಕಾಸೆಲ್
28 ಮಾರ್ಚ್ 2017

ಅಕ್ಕಾ,

ಪಟ್ಟಿ 24ಕ್ಕೆ ಬಂತು. ನಿನ್ನೆ ವಿಚಾರಣೆ ಮುಗಿಯಿತು. ಮೂರೂವರೆ ಗಂಟೆ. ಅಧಿಕಾರಿ ಪಟ್ಟಿಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಕೇಳಿದ. 'ಇವರು ಯಾರು?' ಕ್ಷೌರ ಮಾಡುವವನು. 'ಇವರು?' ಅವನ ಅತ್ತೆ. 'ಇವರು?' ಹಲ್ಲಿಲ್ಲದ ಮುದುಕ, ಚದುರಂಗದಲ್ಲಿ ಮೋಸ ಮಾಡುತ್ತಾನೆ. ದುಭಾಷಿ ನಕ್ಕುಬಿಟ್ಟ. ಅಧಿಕಾರಿ ನಗಲಿಲ್ಲ. ಆದರೆ ಪಟ್ಟಿಯನ್ನು ವಾಪಸು ಕೊಡಲಿಲ್ಲ, ಕಡತದೊಳಗೆ ಸೇರಿಸಿದ. ತೀರ್ಪಿಗೆ ಕೆಲವು ವಾರ ಬೇಕಂತೆ.

ನಿನ್ನ ಹೆಸರು ಬಂದಾಗ 'ಈ ಒಂದನ್ನು ಮಾತ್ರ ಯಾಕೆ ನಿಲ್ಲಿಸಲಿಲ್ಲ?' ಎಂದ. ಅವಳ ಗಂಡನಿಗೆ ಬೇರೆ ನಂಬರು ಗೊತ್ತಿಲ್ಲ ಎಂದೆ. ಅದನ್ನು ಬರೆದುಕೊಂಡ.

ನಿನ್ನೆ ಸಂಜೆ ನಿನಗೊಂದು ಕರೆ ಮಾಡೋಣ ಎಂದು ಆಸೆಯಾಗಿ ಮಾಡಿದೆ. ಏಳು ಸಲ ಮಾಡಿದೆ. ಏಳು ಸಲವೂ ಎಂಗೇಜ್ ಬಂತು. ನನಗೆ ಭಯವಾಯಿತು ಅಕ್ಕಾ. ಫೋನು ವಾಪಸು ತೆಗೆದುಕೋ. ಸಹಿ ಬಂತಲ್ಲ.

ಹೆನಾನ್

*

ಶಿಬಿರ
6 ಏಪ್ರಿಲ್ 2017

ಹೆನಾನ್ ತಮ್ಮಾ,

ಮೊಣಕಾಲ ಮೇಲೆ ಹಾಳೆಯಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಅಂಕುಡೊಂಕು. ಸಹಿಸಿಕೊಂಡು ಓದು.

ಇವತ್ತು ಬೆಳಗ್ಗೆ ಚೀಲದಿಂದ ಫೋನು ತೆಗೆದೆ. ಕಂಪನಿಯ ಸಂದೇಶವೊಂದು ಇತ್ತು. ತುರ್ಕಿಯ ಒಂದು ನಂಬರಿನಿಂದ ನಿನ್ನೆ ಮಧ್ಯಾಹ್ನ ನಾಲ್ಕು ಸಲ ಕರೆ ಬಂದಿತ್ತು, ತಂತಿ ಖಾಲಿ ಇರಲಿಲ್ಲ. ಯಾರದಿರಬಹುದು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಯಾರಿಗೂ ಆ ನಂಬರು ಗೊತ್ತಿಲ್ಲ. ವಾಪಸು ಮಾಡಿದೆ.

ಎತ್ತಿದವನು ಗಡಿಯ ಪಕ್ಕದ ಎದಿರ್ನೆಯಲ್ಲಿ ಲಿವರ್ ಹುರಿಯುವ ಅಂಗಡಿಯವನು. ಹಿಂದೆ ಎಣ್ಣೆ ಚುರುಗುಡುವ ಸದ್ದು. ನನ್ನ ಮುರುಕಲು ತುರ್ಕಿಯಲ್ಲಿ ಕೇಳಿದೆ, ನಿನ್ನೆ ಈ ಫೋನಿನಿಂದ ಯಾರು ಮಾತಾಡಲು ನೋಡಿದರು ಎಂದು.

'ಒಬ್ಬ ಮುದುಕಪ್ಪ. ಗಡಿಯ ಹತ್ರ ಹಿಡಿದು ಕೂಡಿಹಾಕಿದ್ರಂತೆ, ಐದು ತಿಂಗಳು. ಬೆಳಗ್ಗೆ ಬಿಟ್ಟಿದ್ರು. ಫೋನು ಹೊಳೆ ಪಾಲಾಯ್ತಂತೆ. ಒಂದು ಕರೆ ಮಾಡ್ಕೊಳ್ಲಾ ಅಂದ. ಮಾಡ್ಕೋ ಅಂದೆ.'

'ಆಮೇಲೆ?'

'ನಾಲ್ಕು ಸಲ ಒತ್ತಿದ. ನಾಲ್ಕು ಸಲನೂ ಎಂಗೇಜ್. ಬಿಡು ಅಜ್ಜ, ಯಾರೂ ಸಿಗಲ್ಲ ಅಂದೆ. ಮುಖ ಮುಚ್ಕೊಂಡ. ಅಳ್ತಾನೆ ಅಂದ್ಕೊಂಡೆ. ನೋಡಿದ್ರೆ ನಗ್ತಿದ್ದಾನೆ.'

'ನಗ್ತಿದ್ನಾ?'

'ಹೂಂ. ಎಂಗೇಜ್ ಇದೆ ಅಂದ್ರೆ ಅವಳು ಬದುಕಿದ್ದಾಳೆ ಅಂದ. ನಾನು ಇಲ್ದಿದ್ರೂ ಯಾರ ಕಿವಿಯನ್ನೋ ತಿಂತಿದ್ದಾಳೆ, ಹಾಗಾದ್ರೆ ಚೆನ್ನಾಗಿದ್ದಾಳೆ ಅಂದ. ಒಂದು ತಟ್ಟೆ ಲಿವರು ಕೊಟ್ಟೆ, ಪೂರ್ತಿ ತಿಂದ. ಊರಲ್ಲೇ ಎಲ್ಲೋ ಕೆಲಸ ಹುಡುಕ್ತೀನಿ, ನಾಳೆ ಬಂದು ಮತ್ತೆ ಮಾಡ್ತೀನಿ ಅಂತ ಹೋದ. ನೀನೇನಾ ಆ ಹೆಂಗಸು?'

ನಾನೇ ಅಂದೆ. ದನಿ ಹೊರಡಲಿಲ್ಲ. ಅವನು 'ಕೇಳಿಸ್ತಿಲ್ಲ, ಜೋರಾಗಿ ಮಾತಾಡಮ್ಮ' ಅಂದ. ನನ್ನ ಜನ್ಮದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ನಾಳೆ ಎಂದರೆ ಇವತ್ತು. ಬೆಳಗ್ಗೆಯಿಂದ ಫೋನನ್ನು ಯಾರಿಗೂ ಮುಟ್ಟಗೊಡದೆ ಮಡಿಲಲ್ಲಿಟ್ಟು ಕೂತಿದ್ದೆ. ವಿಷಯ ತಿಳಿದು ಯಾರೂ ಕೇಳಲಿಲ್ಲ. ಸಾಲು ತಾನಾಗಿ ಕರಗಿತು. ಜೆಲೂಖ್ ಚಹಾ ತಂದಿಟ್ಟು ಹೋದಳು, ಆ ಅಂಗಳದ ದಿನದ ನಂತರ ಮೊದಲ ಸಲ.

ಮೂರು ಗಂಟೆಗೆ ಫೋನು ಬಡಿದುಕೊಂಡಿತು. ಎತ್ತಿದೆ. ಹೆಣ್ಣು ದನಿ. ಗಾಜಿಯಾಂತೆಪ್. ಇಷ್ಟು ದಿನದಲ್ಲಿ ಅವಳ ಮೊದಲ ಕರೆ. 'ಅಮ್ಮ ಇದ್ದಾರಾ?' ಎಂದಿತು. ಹಿಂದೆ ಕೂಸೊಂದು ಕಿರುಚುತ್ತಿತ್ತು, ನನ್ನದೇ ಗಂಟಲು.

ಇಡಬಹುದಿತ್ತು. ಆಮೇಲೆ ಮಾಡಮ್ಮ ಎನ್ನಬಹುದಿತ್ತು.

ಗೋಡೆಯ ಆಚೆಗೂ ಕೇಳುವಂತೆ ಜೆಲೂಖಳನ್ನು ಕೂಗಿದೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿ ಬಂದಳು. ಅವಳೀಗ ನನ್ನೆದುರು ನೆಲದ ಮೇಲೆ ಕೂತಿದ್ದಾಳೆ. ಫೋನನ್ನು ಕಿವಿಗೆ ಒತ್ತಿಕೊಂಡಿದ್ದಾಳೆ. ಮಾತಾಡುತ್ತಿಲ್ಲ, ಕೂಸಿನ ಅಳು ಕೇಳುತ್ತಿದ್ದಾಳೆ. ಐದು ನಿಮಿಷ ಎಂದೋ ದಾಟಿತು. ಎದಿರ್ನೆಯಲ್ಲಿ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೋ ನನಗೆ ತಿಳಿಯದು.

ಸಾಕು, ಇಡು ಎಂದು ನಾನು ಇನ್ನೂ ಹೇಳಿಲ್ಲ. ಬಾಯಿ ಮುಚ್ಚಿಕೊಂಡು ನಿನಗೆ ಕಾಗದ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಫಿದಾನ್